ಕಾಫಿ ಗಿಡಕ್ಕೊಂದು ನ್ಯಾಯ, ಮಿದುಳಿಗೊಂದು ನ್ಯಾಯ

"ಇಂಗ್ಲಿಷ್ ಮಾತ್ರೆ ನಿಲ್ಸಿ, ಆಯುರ್ವೇದ ಶುರು ಮಾಡಿ, ಅದು ರೂಟ್ ಕಾಸ್‌ಗೇ ಕೈ ಹಾಕುತ್ತೆ." ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಊರಿಗೆ ಫೋನ್ ಮಾಡಿ ಈ ಸಲಹೆ ಕೊಡುವವರನ್ನ ಬೇಕಾದಷ್ಟು ನೋಡಿದ್ದೀನಿ. ಸ್ವಲ್ಪ ಜಾಸ್ತಿ ಓದಿಕೊಂಡವರು ಇದಕ್ಕೆ ಚೀನಾದ ಗಿಡಮೂಲಿಕೆ, ಆಕ್ಯುಪಂಕ್ಚರ್ ಕೂಡ ಸೇರಿಸ್ತಾರೆ. ಮಂಡಿನೋವಿಗೆ, ಕೂದಲು ಉದುರೋದಕ್ಕೆ ಹೀಗಂದ್ರೆ ನನ್ನದೇನೂ ತಕರಾರಿಲ್ಲ. ಸ್ಕಿಜೋಫ್ರೇನಿಯಾಕ್ಕೆ ಹೀಗಂದ್ರೆ ಇದೆ. ಜೋರಾಗೇ ಇದೆ.

ಈ ಕಾಯಿಲೆ ಹೆಚ್ಚಾಗಿ ಶುರುವಾಗೋದು ಹದಿನೆಂಟರಿಂದ ಮೂವತ್ತರ ನಡುವೆ. ಅಂದ್ರೆ ನೀವು ಕ್ಯಾಂಪಸ್ ಇಂಟರ್‌ವ್ಯೂ ಕೊಟ್ಟು, ಮೊದಲ ಇಎಂಐ ಕಟ್ಟಿದ ವಯಸ್ಸಿನಲ್ಲಿ. ಯಾರೂ ಇಲ್ಲದ ಕಡೆಯಿಂದ ದನಿ ಕೇಳಿಸುತ್ತೆ. ಪಕ್ಕದ ಮನೆಯವರು ತನ್ನ ವಿರುದ್ಧ ಸಂಚು ಮಾಡ್ತಿದ್ದಾರೆ ಅನ್ನೋದು ಸೂರ್ಯನಷ್ಟೇ ನಿಜ ಅನ್ಸುತ್ತೆ. ಆಮೇಲೆ ಮಾತು ಕಮ್ಮಿ, ಸ್ನಾನ ಕಮ್ಮಿ, ಕೊನೆಗೆ ಕೋಣೆಯೇ ಪ್ರಪಂಚ.

ನಮ್ಮ ಬಾಳೆಹೊನ್ನೂರು ಕಡೆ ಇಂಥದ್ದು ಶುರುವಾದ್ರೆ ಮನೆಯವರು ಮೊದಲು ನಿಮಿತ್ತ ಕೇಳ್ತಾರೆ. ತಾಯಿತ ಕಟ್ಟಿಸ್ತಾರೆ, ಯಾವುದೋ ದೈವಕ್ಕೆ ಹರಕೆ ಹೊರ್ತಾರೆ. "ಗಾಳಿ ಸೋಕಿದೆ" ಅಂತ ಒಬ್ಬರು, "ಮದುವೆ ಮಾಡಿದ್ರೆ ಸರಿಹೋಗ್ತಾನೆ" ಅಂತ ಇನ್ನೊಬ್ಬರು. ಹೀಗೇ ಒಂದೆರಡು ವರ್ಷ ಕಳೆದ ಮೇಲೆ ಶಿವಮೊಗ್ಗ, ಇಲ್ಲಾ ಮುನ್ನೂರು ಕಿಲೋಮೀಟರ್ ಆಸುಪಾಸಿನ ನಿಮ್ಹಾನ್ಸ್. ಮಾತ್ರೆಯಿಂದ ಹುಡುಗ ಸ್ವಲ್ಪ ಚೇತರಿಸಿಕೊಂಡು ತೋಟಕ್ಕೆ ಇಳಿಯೋಕೆ ಶುರು ಮಾಡಿರ್ತಾನೆ. ಆಗ ಬರುತ್ತೆ ನೋಡಿ, ಬೆಂಗಳೂರಿಂದ ಆ ಫೋನು.

ನನಗೆ ಸಿಟ್ಟು ತರಿಸೋದು ಇನ್ನೊಂದು ವಿಷಯ. ಪ್ರಯೋಗ ಮಾಡಿ ನೋಡೋದು ಅಂದ್ರೇನು ಅಂತ ಬಾಳೆಹೊನ್ನೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1925ರಿಂದ ಇಲ್ಲಿ ಕಾಫಿ ಸಂಶೋಧನಾ ಕೇಂದ್ರ ಇದೆ. ಆಗ ಮೈಸೂರು ಸಂಸ್ಥಾನದ ಕೃಷಿ ಇಲಾಖೆ ನಡೆಸುತ್ತಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದ್ದು. ಎಲೆತುಕ್ಕು ರೋಗ ತಡೆಯೋ ಅರೇಬಿಕಾ ತಳಿ ಎಸ್.795 ಬಂದಿದ್ದು ಇಲ್ಲಿಂದಲೇ, 1940ರ ದಶಕದಲ್ಲಿ. ತಳಿ ಬೆರೆಸಿ, ಸಾಲು ಸಾಲು ಗಿಡ ನೆಟ್ಟು, ವರ್ಷಗಟ್ಟಲೆ ಲೆಕ್ಕ ಬರೆದು, ಬೇರೆ ತಳಿ ಜತೆ ಹೋಲಿಸಿ, ಆಮೇಲೆ ಬೆಳೆಗಾರರ ಕೈಗೆ ಕೊಟ್ಟರು. ಇವತ್ತಿಗೂ ಯಾರಾದ್ರೂ ಹೊಸ ಔಷಧಿ ತಂದ್ರೆ ನಮ್ಮೂರ ಬೆಳೆಗಾರ ಕೇಳೋ ಮೊದಲ ಪ್ರಶ್ನೆ, "ಎಲ್ಲಿ ಹೊಡೆದು ನೋಡಿದ್ದಾರೆ?" ಅದೇ ಮನುಷ್ಯನ ಮಗನ ಮಿದುಳಿಗೆ ಔಷಧಿ ಅಂದಾಗ ಈ ಪ್ರಶ್ನೆ ಕೇಳಬಾರದಂತೆ. ಕೇಳಿದ್ರೆ ಸಂಸ್ಕೃತಿಗೆ ಅವಮಾನವಂತೆ.

ಸರಿ, ಸಂಸ್ಕೃತಿಯನ್ನೇ ಬಿಡಿಸಿ ನೋಡೋಣ. ಚರಕ ಸಂಹಿತೆಯಲ್ಲಿ 'ಉನ್ಮಾದ'ಕ್ಕೆ ನಿದಾನಸ್ಥಾನದಲ್ಲಿ ಒಂದು, ಚಿಕಿತ್ಸಾಸ್ಥಾನದಲ್ಲಿ ಒಂದು ಅಧ್ಯಾಯ ಇದೆ. ಮನಸ್ಸು, ಬುದ್ಧಿ, ಸ್ಮೃತಿ, ಶೀಲ, ಆಚಾರ ಎಲ್ಲ ದಿಕ್ಕು ತಪ್ಪೋದನ್ನ ಅಲ್ಲಿ ಗಮನವಿಟ್ಟು ಬರೆದಿದ್ದಾರೆ. ಐದು ವಿಧ: ವಾತ, ಪಿತ್ತ, ಕಫ, ಮೂರೂ ಸೇರಿದ್ದು, ಹೊರಗಿನಿಂದ ಬಂದದ್ದು. ಕೆಟ್ಟ ದೋಷಗಳು ಬುದ್ಧಿಯ ನೆಲೆಯಾದ ಹೃದಯಕ್ಕೆ ಹೋಗಿ ಮನಸ್ಸಿನ ಹಾದಿಗಳನ್ನ ಕಟ್ಟಿಹಾಕುತ್ವೆ ಅನ್ನೋದು ಸಿದ್ಧಾಂತ. ಕಫದ ಉನ್ಮಾದದವನು ಮೌನಿ, ಕೂತಲ್ಲೇ ಕೂತಿರ್ತಾನೆ, ಒಂಟಿಯಾಗಿರೋದೇ ಇಷ್ಟ. ಕೋಣೆ ಸೇರಿದ ಆ ಹುಡುಗನನ್ನ ಎದುರಿಗೆ ಕೂರಿಸಿಕೊಂಡು ಬರೆದ ಹಾಗಿದೆ.

ಚೀನಾದ ಹಳೇ ವೈದ್ಯ ಆಶ್ಚರ್ಯ ಆಗುವಷ್ಟು ಇದಕ್ಕೆ ಹತ್ತಿರ. ಅಲ್ಲಿ ಮಂಕಾಗಿ ಕೂರೋ ಹುಚ್ಚಿಗೆ 'ದಿಯನ್', ಅಬ್ಬರಿಸೋ ಹುಚ್ಚಿಗೆ 'ಕುವಾಂಗ್' ಅಂತ ಹೆಸರು. ಅವರಿಗೂ ಮನಸ್ಸಿನ ಮನೆ ಹೃದಯವೇ, ಅದರ ಬಾಗಿಲಿಗೆ ಮಂಜಿನ ಹಾಗೆ ಕವಿಯೋದು ಕಫವೇ. ಎರಡೂ ಕಡೆಯವರು ಕಣ್ಣಾರೆ ಕಂಡದ್ದನ್ನ ಪ್ರಾಮಾಣಿಕವಾಗಿ ಬರೆದರು. ಆದ್ರೆ ಕಾಯಿಲೆಯನ್ನ ಚೆನ್ನಾಗಿ ವರ್ಣಿಸೋದು ಬೇರೆ, ವಾಸಿ ಮಾಡೋದು ಬೇರೆ.

ಇನ್ನೊಂದು ಮಾತು. ದೇವತೆ, ಗಂಧರ್ವ, ಪಿಶಾಚಿ, ರಾಕ್ಷಸ ಯಾರೂ ತಾನಾಗೇ ಕೆಡದ ಮನುಷ್ಯನನ್ನ ಕೆಡಿಸಲ್ಲ ಅನ್ನೋ ಅರ್ಥದ ಮಾತೂ ಚರಕದಲ್ಲೇ ಇದೆ. ಹರಕೆ, ತಾಯಿತ, ಚರಕ ಮೂರನ್ನೂ ಒಂದೇ 'ಪರಂಪರೆ' ಚೀಲಕ್ಕೆ ತುಂಬೋರು ಇದನ್ನ ಓದಿದ ಹಾಗಿಲ್ಲ. ಅದೇ ಚಿಕಿತ್ಸಾ ಅಧ್ಯಾಯದಲ್ಲಿ ರೋಗಿಯನ್ನ ಕಟ್ಟಿ ಕತ್ತಲ ಕೋಣೆಯಲ್ಲಿಡೋದು, ಹಲ್ಲು ಕಿತ್ತ ಹಾವು, ಪಳಗಿಸಿದ ಸಿಂಹ, ಆನೆ ತೋರಿಸಿ ಹೆದರಿಸೋದು ಕೂಡ ಇದೆ. ಇದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ. ಅಂದ್ರೆ ಪರಂಪರೆಯಲ್ಲಿ ಬೇಕಾದ್ದು ಆರಿಸಿಕೊಳ್ಳೋದು, ಬೇಡದ್ದು ಬಿಡೋದು ನಾವೆಲ್ಲ ಮಾಡ್ತಾನೇ ಇದ್ದೀವಿ. ಆರಿಸೋಕೆ ಅಳತೆಗೋಲು ಯಾವುದು ಅನ್ನೋದಷ್ಟೇ ಪ್ರಶ್ನೆ.

ಅಳತೆ ಮಾಡಿದವರೂ ಇದ್ದಾರೆ. ಬ್ರಾಹ್ಮಿ ಮೊದಲಾದ ಮೂಲಿಕೆಗಳ 'ಬ್ರಾಹ್ಮ್ಯಾದಿಯೋಗ'ವನ್ನ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೊಟ್ಟು ನೋಡಿದ್ದು ನಿಮ್ಹಾನ್ಸ್‌ನಲ್ಲೇ, 1980ರ ದಶಕದಲ್ಲಿ. 2007ರಲ್ಲಿ ಕಾಕ್ರೇನ್ ವಿಮರ್ಶೆ ಆಯುರ್ವೇದದ ಪ್ರಯೋಗಗಳನ್ನ ಒಟ್ಟು ಹಾಕಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಮೂರು ಸಣ್ಣ ಅಧ್ಯಯನ, 250 ಜನ. ಮೂಲಿಕೆ ತಗೊಂಡವರಲ್ಲಿ ಸುಧಾರಿಸದೇ ಉಳಿಯೋ ಅಪಾಯ ಕ್ಲೋರ್‌ಪ್ರೊಮಜಿನ್ ಮಾತ್ರೆ ತಗೊಂಡವರಿಗಿಂತ ಹೆಚ್ಚಿತ್ತು. ವಾಂತಿ, ವಾಕರಿಕೆ ಬೇರೆ. ಚೀನಾದ ಮೂಲಿಕೆಗಳ ಬಗ್ಗೆ 2005ರ ಅಂಥದ್ದೇ ವಿಮರ್ಶೆ ಹೇಳಿದ್ದು ಇಷ್ಟು: ಮಾಮೂಲಿ ಮಾತ್ರೆಯ *ಜತೆಗೆ* ಕೊಟ್ಟರೆ ಸ್ವಲ್ಪ ಉಪಯೋಗ ಆಗಬಹುದು. ಮಾತ್ರೆ ಬದಲಿಗೆ ಅಂತ ಅಲ್ಲ.

ಈಗ 'ನಿಲ್ಸಿ' ಅನ್ನೋ ಪದದ ಬೆಲೆ ನೋಡಿ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆ 65 ಪ್ರಯೋಗಗಳ ಲೆಕ್ಕ ಪ್ರಕಟಿಸಿತು. ಮಾತ್ರೆ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ನೂರಕ್ಕೆ 27 ಜನಕ್ಕೆ. ಮಾತ್ರೆ ಬಿಟ್ಟು ಹುಸಿಮಾತ್ರೆ ತಗೊಂಡವರಲ್ಲಿ 64 ಜನಕ್ಕೆ. ಅಷ್ಟು ದೂರ ಯಾಕೆ, ಕೊಪ್ಪ ದಾಟಿದ್ರೆ ತೀರ್ಥಹಳ್ಳಿ. ಆ ತಾಲ್ಲೂಕಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೇನಿಯಾ ಇರೋರನ್ನ ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಗಮನಿಸುತ್ತಾ ಬಂದಿದ್ದಾರೆ. ಔಷಧಿ ತಗೊಂಡವರ ದಿನನಿತ್ಯದ ಬದುಕು ತಗೊಳ್ಳದವರಿಗಿಂತ ಸುಧಾರಿಸಿತ್ತು. ಇದು ನಮ್ಮದೇ ಮಳೆ, ನಮ್ಮದೇ ಅಡಿಕೆ ತೋಟ, ನಮ್ಮದೇ ಜನ.

"ಹಂಗಾದ್ರೆ ಮೂಲಿಕೆಯಲ್ಲಿ ಏನೂ ಇಲ್ವಾ?" ಇದೆ. ನಮ್ಮ ಕಾಡಲ್ಲೇ ಬೆಳೆಯೋ ಸರ್ಪಗಂಧ. ಹುಚ್ಚಿಗೆ, ರಕ್ತದೊತ್ತಡಕ್ಕೆ ಇದು ಕೆಲಸ ಮಾಡುತ್ತೆ ಅಂತ ಸೇನ್ ಮತ್ತು ಬೋಸ್ ಅನ್ನೋ ಇಬ್ಬರು ಭಾರತೀಯ ವೈದ್ಯರು 1931ರಲ್ಲೇ ಬರೆದರು. 1952ರಲ್ಲಿ ಅದರ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. 1954ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ನೇಥನ್ ಕ್ಲೈನ್ ಅದನ್ನ ಸ್ಕಿಜೋಫ್ರೇನಿಯಾಕ್ಕೆ ಕೊಡ್ತಿದ್ದರು. ಆಮೇಲೆ ರಕ್ತದೊತ್ತಡ ಕುಸಿತ, ಖಿನ್ನತೆಯ ದೂರು ಬಂತು, ಕ್ಲೋರ್‌ಪ್ರೊಮಜಿನ್ ವಾಸಿ ಅನ್ಸಿತು, ಪಕ್ಕಕ್ಕಿಟ್ಟರು. ಯೋಗದ ಕಥೆಯೂ ಇದೇ ದಾರಿಯದ್ದು. 2007ರಲ್ಲಿ ನಿಮ್ಹಾನ್ಸ್ ತಂಡ ಮಾತ್ರೆ ಜತೆಗೆ ಯೋಗ ಮಾಡಿಸಿ, ವ್ಯಾಯಾಮ ಮಾಡಿದವರ ಜತೆ ಹೋಲಿಸಿ, ಯೋಗದಿಂದ ಮಂಕುತನ ಹೆಚ್ಚು ಇಳಿಯುತ್ತೆ ಅಂತ ತೋರಿಸಿತು. ಪರಂಪರೆಗೆ ಕೊಡೋ ಗೌರವ ಅಂದ್ರೆ ನನ್ನ ಲೆಕ್ಕದಲ್ಲಿ ಇದು.

ಮಾತ್ರೆಯ ವಕಾಲತ್ತು ವಹಿಸಿ ಅದರ ಕಷ್ಟ ಮುಚ್ಚಿಡಲ್ಲ. ಕೆಲವದರಿಂದ ಕೈ ನಡುಗುತ್ತೆ, ಕೆಲವದರಿಂದ ತೂಕ, ಸಕ್ಕರೆ ಏರುತ್ತೆ, ನಿದ್ದೆ ಎಳೆಯುತ್ತೆ. ಹಾಗಾದಾಗ ಡಾಕ್ಟರ್ ಹತ್ರ ಜಗಳ ಆಡಿ, ಡೋಸ್ ಕಮ್ಮಿ ಮಾಡಿಸಿ, ಮಾತ್ರೆ ಬದಲಿಸಿ. ಐದು ನಿಮಿಷದ ಓಪಿಡಿಯಲ್ಲಿ ಸಿಗದ ಸಮಾಧಾನದ ಮಾತು ಪಂಡಿತರ ಜಗುಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಸಿಗುತ್ತೆ ಅನ್ನೋದೂ ನಿಜ. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ತಂಗಿದ್ದ ರೋಗಿಗಳ ಲಕ್ಷಣ ನೂರಕ್ಕೆ ಇಪ್ಪತ್ತರಷ್ಟು ಇಳಿದಿದ್ದನ್ನ ನಿಮ್ಹಾನ್ಸ್‌ನವರೇ 2002ರಲ್ಲಿ ಬರೆದಿದ್ದಾರೆ. ಅದಕ್ಕೆ ಒಂದೇ ವರ್ಷ ಮುಂಚೆ, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ಗುಣವಾಗಲಿ ಅಂತ ಕರ್ಕೊಂಡು ಬಂದು ಸರಪಳಿ ಹಾಕಿದ್ದ ರೋಗಿಗಳು ಬೆಂಕಿಯಲ್ಲಿ ಬೆಂದುಹೋಗಿದ್ದೂ ನೆನಪಿರಲಿ. ಅಕ್ಕರೆ ಬೇಕು, ಸರಪಳಿ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನ ಪೂರ್ತಿ ನಿಷೇಧಿಸಿದೆ, ಮಾನಸಿಕ ರೋಗಿಗಳನ್ನ ಇಟ್ಟುಕೊಳ್ಳೋ ಆಯುರ್ವೇದ ಕೇಂದ್ರಗಳನ್ನೂ ತನ್ನ ಲೆಕ್ಕಕ್ಕೆ ತಂದಿದೆ.

ಬೆಂಗಳೂರಿನವರಿಗೆ ನನ್ನ ಮಾತು ಇಷ್ಟೇ. ಪ್ರಯೋಗ ಮಾಡೋ ಆಸೆ ಇದ್ರೆ ನಿಮ್ಮ ಮಂಡಿ ಮೇಲೆ ಮಾಡಿ. ಮರುಕಳಿಸಿದ ರಾತ್ರಿ ಮಗನನ್ನ ಹುಡುಕಿಕೊಂಡು ಭದ್ರಾ ಹೊಳೆ ದಂಡೆ ತಿರುಗೋಳು ಅವನ ತಾಯಿ, ನೀವಲ್ಲ. ಮುಂದಿನ ಸಲ ಫೋನ್ ಮಾಡಿದಾಗ ಟೆಲಿ ಮನಸ್ ನಂಬರ್ 14416 ಅಂತ ಬರೆಸಿಕೊಳ್ಳೋಕೆ ಹೇಳಿ, ಕನ್ನಡದಲ್ಲೇ ಮಾತಾಡ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ವಿಚಾರಿಸಿ. ಒಂದೆಲಗದ ತಂಬುಳಿ ತಿನ್ನಲಿ, ದೇವರಿಗೆ ಕೈ ಮುಗೀಲಿ, ಯಾವುದೂ ಮಾತ್ರೆಗೆ ಅಡ್ಡ ಬರಲ್ಲ. ಕೊನೆಗೆ, "ಮುಂದಿನ ತಿಂಗಳಿನ ಮಾತ್ರೆ ತಂದಾಯ್ತಾ?" ಅಂತ ಕೇಳಿ. ತರಬೇಕು ಅಂದ್ರೆ ದುಡ್ಡು ಕಳ್ಸಿ.