ಕೈಯ ಕೆಳಗಿನ ಕಿವಿ

ಮನೆಯ ಗೋಡೆಯ ಮೇಲಿನ ಪಟಗಳನ್ನು ನಾವು ದಿನವೂ ನೋಡುತ್ತೇವೆ. ದಿನವೂ ನೋಡುವುದರಿಂದಲೇ ಅವು ಕಣ್ಣಿಗೆ ಬೀಳದಂತಾಗುತ್ತವೆ. ಹೊರಗಿನಿಂದ ಬಂದವರು ಬೆರಳಿಟ್ಟು ತೋರಿಸಿದಾಗಲೇ ಅಲ್ಲಿ ಇರುವುದೇನು, ಇಲ್ಲದಿರುವುದೇನು ಎಂಬುದು ತಿಳಿಯುವುದು. ಹೋದ ತಿಂಗಳು ನಮಗೆ ಇಂತಹುದೊಂದು ಅನುಭವವಾಯಿತು. ವಾಚಕರ ಮನೆಗಳಲ್ಲಿಯೂ ಅದನ್ನು ಹೋಲುವ ಸಂಗತಿ ಇದ್ದೀತೆಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇವೆ.

ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ತಂಗಿಯ ಮಗಳು ರಜೆಗೆಂದು ಬಂದಿದ್ದಳು. ಛಾಯಾಚಿತ್ರಕಲೆಯಲ್ಲಿ ಅವಳಿಗೆ ಬಹಳ ಆಸಕ್ತಿ. ಒಂದು ಸಂಜೆ ಜಗಲಿಯಲ್ಲಿ ಕುಳಿತು ದಪ್ಪನೆಯ ಪುಸ್ತಕವೊಂದನ್ನು ತಿರುವಿ ಹಾಕುತ್ತಿದ್ದಳು. ಎಲ್ಲವೂ ಕಪ್ಪು-ಬಿಳುಪಿನ ಪಟಗಳು. ಪುಟಪುಟದಲ್ಲಿಯೂ ನಾಯಿಗಳು, ಅವುಗಳ ಪಕ್ಕದಲ್ಲಿ ಅವುಗಳ ಮನುಷ್ಯರು. "ಇಷ್ಟು ಹಣ ತೆತ್ತು ನಾಯಿಗಳ ಪಟ ಕೊಳ್ಳಬೇಕಾಗಿತ್ತೆ, ಕೂಸೆ?" ಎಂದೆವು. ಅವಳು ನಕ್ಕು, "ಮೊದಲು ನೋಡಿ ಮಾವ, ಆಮೇಲೆ ಬೈಯಿರಂತೆ" ಎಂದು ಪುಸ್ತಕವನ್ನು ನಮ್ಮ ಕೈಗಿತ್ತಳು.

ಆ ಪಟಗಳನ್ನು ತೆಗೆದವರು ಎಲಿಯಟ್ ಅರ್ವಿಟ್ ಎಂಬವರು. ಇವರು 1928ರಲ್ಲಿ ಪ್ಯಾರಿಸಿನಲ್ಲಿ, ರಷ್ಯಾ ಮೂಲದ ಯೆಹೂದಿ ದಂಪತಿಗಳಿಗೆ ಹುಟ್ಟಿ, ಬಾಲ್ಯವನ್ನು ಇಟಲಿಯ ಮಿಲಾನಿನಲ್ಲಿ ಕಳೆದು, 1939ರಲ್ಲಿ ಅಮೆರಿಕವನ್ನು ಸೇರಿದರು. 1953ರಲ್ಲಿ ಮ್ಯಾಗ್ನಮ್ ಎಂಬ ಪ್ರಸಿದ್ಧ ಛಾಯಾಚಿತ್ರಕಾರರ ಸಂಸ್ಥೆಯ ಸದಸ್ಯರಾದರು. 1959ರಲ್ಲಿ ಮಾಸ್ಕೋ ನಗರದಲ್ಲಿ ನಿಕ್ಸನ್ನರು ಕ್ರುಶ್ಚೇವರ ಎದೆಗೆ ಬೆರಳಿಟ್ಟು ವಾದಿಸುತ್ತಿರುವ ಪಟವು ಲೋಕಪ್ರಸಿದ್ಧವಷ್ಟೆ, ಅದು ಇವರದೇ. ಅಂತಹವರು ಐವತ್ತು ವರ್ಷಗಳಿಗೂ ಮೀರಿ, ಬೀದಿಯಲ್ಲಿ ಕಂಡ ನಾಯಿಗಳ ಪಟವನ್ನು ಬಿಡದೆ ತೆಗೆದರು. 1974ರಲ್ಲಿ ಇವರ ಮೊದಲನೆಯ ನಾಯಿಪುಸ್ತಕವು ಹೊರಬಂದಿತು. ಅದರ ಹೆಸರು ಇಂಗ್ಲಿಷಿನ ಒಂದು ಬೈಗುಳ. ಮನೆಮಂದಿ ಓದುವ ಈ ಪುಟದಲ್ಲಿ ಅದು ಬೇಡ. ನಮ್ಮ ಕೈಯಲ್ಲಿದ್ದುದು 1998ರ 'ಡಾಗ್ ಡಾಗ್ಸ್'. ಅರ್ವಿಟ್ಟರು 2023ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

1946ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ಪಟದಲ್ಲಿ ಉಣ್ಣೆಯ ಅಂಗಿ ತೊಟ್ಟ ಪುಟ್ಟ ನಾಯಿಯೊಂದು ಕಾಲುದಾರಿಯ ಮೇಲೆ ನಿಂತಿದೆ. ಅದರ ಪಕ್ಕದಲ್ಲಿ ಒಬ್ಬ ಹೆಂಗಸಿನ ಪಾದಗಳು, ಪಾದಗಳಷ್ಟೆ. 1974ರ ಇನ್ನೊಂದು ಪಟದಲ್ಲಿ ಮೂವರು ಸಾಲಾಗಿ ನಿಂತಿದ್ದಾರೆ: ಕುದುರೆಯ ಮರಿಯಷ್ಟು ಎತ್ತರದ ನಾಯಿಯೊಂದರ ಕಾಲುಗಳು, ಒಡತಿಯ ಬೂಟುಗಾಲುಗಳು, ತಲೆಗೆ ಟೊಪ್ಪಿಗೆಯಿಟ್ಟ ಅಂಗೈಯಗಲದ ನಾಯಿ. ಪೂರ್ತಿಯಾಗಿ ಕಾಣುವುದು ಆ ಕಿರಿಯ ನಾಯಿಯೊಂದೇ. ಇದನ್ನು ಕಂಡಾಗ ನಮಗೆ ಪಾಣಿನಿಯ ನೆನಪಾಗಿ ನಗು ಬಂದಿತು. ಆ ಮಹರ್ಷಿಯು ಒಂದು ಸೂತ್ರದಲ್ಲಿ ನಾಯಿಯನ್ನೂ ಯುವಕನನ್ನೂ ದೇವೇಂದ್ರನನ್ನೂ ಒಟ್ಟಿಗೆ ಪೋಣಿಸಿದ್ದಾನೆ. ಆ ಮೂರು ಶಬ್ದಗಳ ರೂಪವು ಒಂದೇ ಬಗೆಯಾಗಿ ಮಾರ್ಪಡುವುದರಿಂದ ವ್ಯಾಕರಣಕ್ಕೆ ಅಲ್ಲಿ ಮೇಲುಕೀಳಿಲ್ಲ. ಅರ್ವಿಟ್ಟರ ಯಂತ್ರಕ್ಕೂ ಇರಲಿಲ್ಲ. 2000ದ ಪಟವೊಂದರಲ್ಲಿ ಮೆಟ್ಟಿಲ ಮೇಲೆ ಕುಳಿತವನ ತೊಡೆಯೇರಿದ ನಾಯಿಯ ಮೋರೆಯು ಅವನ ಮೋರೆಯನ್ನು ಮರೆಮಾಡಿದೆ. ಮನುಷ್ಯನ ಮೈಗೆ ನಾಯಿಯ ತಲೆ ಇಟ್ಟಂತೆ ತೋರುವುದು.

ಇದರಲ್ಲಿ ಚಮತ್ಕಾರಕ್ಕಿಂತ ವಿನಯವು ಹೆಚ್ಚು. ನಿಂತಲ್ಲಿಂದ ಬಗ್ಗಿ ನೋಡಿದವನಿಗೆ ನಾಯಿಯ ಬೆನ್ನು ಮಾತ್ರ ಕಾಣುವುದು. ಅರ್ವಿಟ್ಟರು ತಮ್ಮ ಕ್ಯಾಮರಾವನ್ನು ನೆಲದ ಮಟ್ಟಕ್ಕೆ ಇಳಿಸಿದರು. ನಾಯಿ ತಿರುಗಿ ನೋಡಲೆಂದು ತಾವೇ ಬೊಗಳುತ್ತಲೂ ಇದ್ದರಂತೆ.

"ಬಣ್ಣವಿದ್ದರೆ ಇನ್ನೂ ಚೆನ್ನಾಗಿರುತ್ತಿರಲಿಲ್ಲವೆ?" ಎಂದು ಕೇಳಿದೆವು. ಹುಡುಗಿಯ ಉತ್ತರ ನಮಗೆ ಸರಿದೋರಿತು. ಬಣ್ಣವಿದ್ದರೆ ಕಣ್ಣು ಮೊದಲು ಸೀರೆಯ ಕೆಂಪಿಗೋ ಗೋಡೆಯ ಹಳದಿಗೋ ಹೋಗುವುದು. ಅದಿಲ್ಲದಾಗ ನೋಟ, ಭಂಗಿ, ಒಬ್ಬರ ಮೈ ಇನ್ನೊಬ್ಬರ ಕಡೆಗೆ ವಾಲಿರುವ ರೀತಿ, ಇವು ಎದ್ದು ಕಾಣುವುವು. ಆದರೆ ಕಪ್ಪು-ಬಿಳುಪು ಎಂದೂ ನಿಜದ ನಕಲಲ್ಲ. ಹಿಂದಿನ ಕಾಲದ ಗಾಜಿನ ಫಲಕಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲವಾಗಿ ಕೆಂಚು ನಾಯಿಯು ಇದ್ದುದಕ್ಕಿಂತ ಕಪ್ಪಾಗಿ ಮೂಡುತ್ತಿತ್ತು. ನಾಯಿಗೆ ಜಗತ್ತೆಲ್ಲವೂ ಕಪ್ಪು-ಬಿಳುಪಾಗಿಯೇ ಕಾಣುವುದೆಂಬ ಮಾತೂ ಸರಿಯಲ್ಲ. ನೀಲಿಯನ್ನೂ ಹಳದಿಯನ್ನೂ ಅದು ಬಲ್ಲುದು. ಕೆಂಪು ಹಸುರುಗಳ ಭೇದವು ಮಾತ್ರ ಅದಕ್ಕೆ ಸರಿಯಾಗಿ ತಿಳಿಯದು.

ಇಷ್ಟು ಮಾತಾದ ಮೇಲೆ ಹುಡುಗಿಯು ಒಳಕ್ಕೆ ಹೋದವಳು ನಡುಮನೆಯಿಂದ ಕೂಗಿದಳು: "ಮಾವ, ಈ ಪಟದಲ್ಲಿ ಚಿಕ್ಕಮಾವನ ಕೈಯ ಕೆಳಗೆ ಕಿವಿಯೊಂದಿದೆಯಲ್ಲ! ನಾಯಿ ಎಲ್ಲಿ?"

ನಾವು ಕೂಡಲೆ ಉತ್ತರ ಕೊಡಲಾರದೆ ಹೋದೆವು.

ಅದು ನಮ್ಮ ತಮ್ಮನ ಪಟ. 1979ರಲ್ಲಿ ಪೇಟೆಯಿಂದ ಬಂದ ಛಾಯಾಚಿತ್ರಕಾರರು ತೆಗೆದದ್ದು. ಆಗ ಅವನಿಗೆ ಹತ್ತು ವರ್ಷ. ಕರಿಯನೆಂಬ ಬೀದಿನಾಯಿಯೊಂದನ್ನು ಅವನು ಹಚ್ಚಿಕೊಂಡಿದ್ದನು. ಹೊಸಿಲು ದಾಟಲು ಅದಕ್ಕೆ ಅಪ್ಪಣೆಯಿರಲಿಲ್ಲವಾದ್ದರಿಂದ ಇವನೇ ಹೊಸಿಲಿನ ಆಚೆ ಕೂರುತ್ತಿದ್ದನು. ನಾಯಿಯಿಲ್ಲದೆ ಪಟಕ್ಕೆ ನಿಲ್ಲುವುದಿಲ್ಲವೆಂದು ಹಟ ಮಾಡಿ, ಅದರ ತಲೆಯ ಮೇಲೆ ಕೈಯಿಟ್ಟು ನಿಂತನು. ಎರಡು ವರ್ಷಗಳ ತರುವಾಯ ಜ್ವರದಿಂದ ತೀರಿಕೊಂಡನು. ಅವನದೆಂದು ನಮ್ಮಲ್ಲಿ ಉಳಿದದ್ದು ಆ ಒಂದು ಪಟ.

ವರ್ಷಾಂತಿಕದ ಹೊತ್ತಿಗೆ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಬೇಕೆಂದು ಹಿರಿಯರು ನಿಶ್ಚಯಿಸಿದರು. ನಾಯಿಯ ಚಿತ್ರವು ಅಲ್ಲಿರುವುದು ಉಚಿತವಲ್ಲವೆಂಬ ಮಾತು ಬಂದಿತು. ಆ ಮಾತನ್ನು ಆಡಿದವರು ಹಿರಿಯರೇ ಆದರೂ ಕತ್ತರಿ ಹಿಡಿದ ಕೈ ನಮ್ಮದು. ಆಗತಾನೇ ಸಂಸ್ಕೃತ ಪಾಠಶಾಲೆಗೆ ಸೇರಿದ್ದ ನಮಗೆ ಆಚಾರದ ವಿಷಯದಲ್ಲಿ ಹಿರಿಯರಿಗಿಂತಲೂ ಹೆಚ್ಚಿನ ಉತ್ಸಾಹವಿತ್ತು. ತಮ್ಮನ ಬೆರಳುಗಳು ತುಂಡಾಗದಂತೆ ಎಚ್ಚರದಿಂದ ಕತ್ತರಿಸಿದೆವು. ಆದುದರಿಂದಲೇ ಆ ಕಿವಿ ಉಳಿಯಿತು. ಅಮ್ಮ ನೋಡಿ ಏನೂ ಹೇಳದೆ ಒಳಗೆ ಹೋದಳು. ಅದೇ ದಿನಗಳಲ್ಲಿ ಕರಿಯನು ಶಾಲೆ ಬಿಡುವ ಹೊತ್ತಿಗೆ ಬೇಲಿಯ ಉಣಗೋಲಿನ ಬಳಿ ಹೋಗಿ ಕುಳಿತಿರುತ್ತಿದ್ದನು. ಕತ್ತಲಾದ ಮೇಲೆ ಎದ್ದು ಬರುತ್ತಿದ್ದನು.

ಬಳಿಕ ನಾವು ಉಪಾಧ್ಯಾಯರಾದೆವು. ಸ್ವರ್ಗದ ಬಾಗಿಲಲ್ಲಿ ಇಂದ್ರನು ನಾಯಿಯನ್ನು ಬಿಟ್ಟು ಬಾ ಎಂದಾಗ, ನಂಬಿ ಬಂದುದನ್ನು ಬಿಟ್ಟು ಬರಲಾರೆನೆಂದ ಧರ್ಮರಾಜನ ಕಥೆಯನ್ನು ಮೂವತ್ತು ವರ್ಷ ಹುಡುಗರಿಗೆ ಬೋಧಿಸಿದೆವು. ಬೋಧಿಸಿ ಮನೆಗೆ ಬಂದು, ಆ ಪಟದ ಕೆಳಗೆ ಕುಳಿತು ಊಟ ಮಾಡುತ್ತಿದ್ದೆವು. ಒಂದು ದಿನವೂ ಎರಡಕ್ಕೂ ಸಂಬಂಧ ಹೊಳೆಯಲಿಲ್ಲ.

ನಾಯಿಗೆ ಪೂಜಾಸ್ಥಾನದ ಬಳಿ ಎಡೆಯಿಲ್ಲವೆಂಬುದು ನಮ್ಮ ನಾಡಿನ ಹಳೆಯ ನಡೆಯೆಂದು ಹೇಳುವುದೂ ಕಷ್ಟ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೋಡಿರಿ, ಕ್ರಿ.ಶ. 950ರ ಸುಮಾರಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನ ಸೇನೆಯಲ್ಲಿ ಕಾದಿದ ಮಣಲೆರನೆಂಬ ವೀರನಿಗೆ, ಅವನ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿಯು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೆರನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಆ ಹೋರಾಟವನ್ನು ಕಂಡರಿಸಿ, ಭೂಮಿಯನ್ನೂ ಬಿಟ್ಟನು. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಅರ್ಚಕನಿಗೆ ನಾಯಿಯ ಪಾಪ ತಟ್ಟುವುದೆಂದು ಅದರಲ್ಲಿ ಬರೆದಿದೆ. ಛಾಯಾಚಿತ್ರವಿಲ್ಲದ ಕಾಲದಲ್ಲಿ ಒಬ್ಬ ಒಡೆಯನು ತನ್ನ ನಾಯಿಯನ್ನು ಉಳಿಸಿಕೊಂಡ ಬಗೆ ಇದು.

ಈಗ ಮನೆಮನೆಯಲ್ಲಿಯೂ ಮೊಬೈಲ್ ಇದೆ, ಕಲ್ಲು ಕೆತ್ತಿಸಬೇಕಾಗಿಲ್ಲ. ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಮಗುವಿನ ಪಟ ತೆಗೆಯುವಾಗ ನಾಯಿ ಬಂದರೆ ಅಟ್ಟಬೇಡಿರಿ. ಮಂಡಿಯೂರಿ ಕುಳಿತು ಅದರ ಕಣ್ಣಿನ ಮಟ್ಟದಿಂದ ತೆಗೆಯಿರಿ. ಕರಿಯ ನಾಯಿಯಾದರೆ ಉರಿಬಿಸಿಲು ಸಲ್ಲದು. ಬಿಳಿಯ ಬಟ್ಟೆ ಹೊಳೆದು ನಾಯಿ ಮಸಿಯ ಮುದ್ದೆಯಾಗುವುದು. ಜಗಲಿಯ ಅಂಚಿನ ತಿಳಿನೆರಳಿನಲ್ಲಿ, ಮುಖವನ್ನು ಬಯಲಿಗೆ ತಿರುಗಿಸಿ ಕೂರಿಸಿದರೆ ರೋಮವೂ ಕಾಣುವುದು, ಕಣ್ಣಿನಲ್ಲಿ ಬೆಳಕಿನ ಚುಕ್ಕೆಯೂ ಮೂಡುವುದು. ಒಳ್ಳೆಯ ಪಟಗಳನ್ನು ಕಾಗದದ ಮೇಲೆ ಅಚ್ಚು ಮಾಡಿಸಿ, ಹಿಂಬದಿಯಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ ಹೆಸರನ್ನೂ ವರ್ಷವನ್ನೂ ಬರೆದಿಡಿರಿ. ನಾಯಿಯ ಹೆಸರನ್ನೂ ಬರೆಯಿರಿ. ಹಳೆಯ ಪಟಗಳಿಗೆ ಕಟ್ಟು ಚಿಕ್ಕದಾದರೆ ದೊಡ್ಡ ಕಟ್ಟು ಹಾಕಿಸಿರಿ, ಪಟವನ್ನು ಕತ್ತರಿಸಬೇಡಿರಿ.

ನಮ್ಮ ಪಟದ ತುಂಡು ಹೋದುದು ಹೋಯಿತು. ತೆಗೆದವರ ಅಂಗಡಿ ಮುಚ್ಚಿ ಬಹುಕಾಲವಾಯಿತು. ಮೂಲ ಫಿಲ್ಮು ದೊರೆಯುವಂತಿಲ್ಲ. ಯಂತ್ರದಿಂದ ಬೇರೊಂದು ನಾಯಿಯನ್ನು ಕೂಡಿಸಿಕೊಡುವೆನೆಂದು ಹುಡುಗಿ ಹೇಳಿದಳು. ಬೇಡವೆಂದೆವು, ಅದು ಕರಿಯನಾಗುವುದಿಲ್ಲ. ಮಾರನೆಯ ದಿನ ಪಟವನ್ನು ಕಟ್ಟಿನಿಂದ ಬಿಡಿಸಿ, ಹಿಂಬದಿಯಲ್ಲಿ ತಮ್ಮನ ಹೆಸರನ್ನು ಬರೆದು, ಅದರ ಕೆಳಗೆ ಹೀಗೆ ಬರೆದೆವು: "ಜೊತೆಯಲ್ಲಿ ಕರಿಯ. 1979. ಕತ್ತರಿಸಿದವನು ಅಣ್ಣ." ಆ ಬಳಿಕ ಅದನ್ನು ಮೊದಲಿದ್ದ ಮೊಳೆಗೇ ತೂಗುಹಾಕಿದೆವು.