‘ವೆರಿ ಆಂಗ್ರಿ’ ಬದಲು ಏನ್ ಹೇಳ್ಬೇಕು? ಆ ಪಟ್ಟಿ ಮೊದಲು ಅನ್‌ಸೇವ್ ಮಾಡಿ

(1/4)
ನಿಮ್ಮ ಸೇವ್ಡ್ ಫೋಲ್ಡರ್‌ನಲ್ಲೂ ಆ ರೀಲ್ ಇದೆ, ಗೊತ್ತು ನನಗೆ. ‘ವೆರಿ ಆಂಗ್ರಿ ಅನ್ಬೇಡಿ, ಹೀಗೆ ಹೇಳಿ’ ಅನ್ನೋ ರೀಲ್. ಫ್ಯೂರಿಯಸ್, ಲಿವಿಡ್, ಐರೇಟ್, ಸೀದಿಂಗ್, ಔಟ್‌ರೇಜ್ಡ್. ಐದು ಸೆಕೆಂಡಲ್ಲಿ ಐದು ಪದ, ಐದಕ್ಕೂ ಒಂದೇ ಅರ್ಥ: ತುಂಬಾ ಸಿಟ್ಟು. ಇಂಟರ್‌ವ್ಯೂಗೆ ಆಗತ್ತೆ ಅಂತ ಎಲ್ಲರೂ ಬಾಯಿಪಾಠ ಮಾಡ್ತಿದ್ದೀವಿ. ಆದರೆ ಅದು ಸುಳ್ಳು ಕಣ್ರಪ್ಪಾ.

ಕನ್ನಡದಲ್ಲೇ ನೋಡಿ. ಕಂಡಕ್ಟರ್ ಚಿಲ್ಲರೆ ಕೊಡದಿದ್ರೆ ಸಿಟ್ಟು ಬರತ್ತೆ. ಕಂಡಕ್ಟರ್ ಮೇಲೆ ಯಾರಾದ್ರೂ ಮುನಿಸ್ಕೋತಾರಾ? ಮುನಿಸಿಗೆ ಹತ್ತಿರದವರು ಬೇಕು, ಬಂದು ರಮಿಸ್ತಾರೆ ಅನ್ನೋ ನಂಬಿಕೆ ಬೇಕು. ಆಕ್ರೋಶಕ್ಕೆ ಜನ ಬೇಕು, ಬೀದಿ ಬೇಕು. ಇದನ್ನ ನಮಗೆ ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ಇಂಗ್ಲಿಷ್ ಪದಗಳಿಗೂ ಹೀಗೇ ಒಂದೊಂದು ಜಾತಕ ಇದೆ.

(2/4)
ಲಿವಿಡ್ ಮೂಲದಲ್ಲಿ ಒಂದು ಬಣ್ಣ. ಪೆಟ್ಟು ಬಿದ್ದ ಜಾಗ ಕಂದಿ ನೀಲಿಗಟ್ಟತ್ತಲ್ಲ, ಆ ಸೀಸದ ಬಣ್ಣ. ಲ್ಯಾಟಿನ್‌ನಿಂದ ಬಂದದ್ದು. ರೇಜ್ ಮತ್ತು ಹುಚ್ಚುನಾಯಿ ಕಡಿದಾಗ ಬರೋ ರೇಬೀಸ್, ಎರಡರ ಬೇರೂ ಒಂದೇ ಲ್ಯಾಟಿನ್ ಪದ. ಫ್ಯೂರಿಯಸ್ ಹಿಂದೆ ತಪ್ಪು ಮಾಡಿದವರ ಬೆನ್ನು ಹತ್ತೋ ರೋಮನ್ ದೇವತೆಗಳಿದ್ದಾರೆ. ಸೀದ್ ಅಂದ್ರೆ ಕುದಿಯೋದು: ಮುಚ್ಚಳ ಹಾಕಿದೆ, ಒಳಗೆ ಕುದೀತಿದೆ, ಹೊರಗೆ ಕಾಣಲ್ಲ. ಫೋನ್ ಎಸೆದು ಕಿರುಚಾಡಿದವರನ್ನ ‘ಸೀದಿಂಗ್’ ಅಂತ ಬರೀತೀರಲ್ಲ, ಅಷ್ಟೊತ್ತಿಗೆ ಹಾಲು ಉಕ್ಕಿ ಒಲೆ ಆರಿ ಹೋಗಿರತ್ತೆ.

(ಓದೋಕೆ ಬ್ರಿಟನ್‌ಗೆ ಹೋಗೋರಿಗೆ: ಅಲ್ಲಿ ‘ಐ ಆಮ್ ಪಿಸ್ಡ್’ ಅಂದ್ರೆ ‘ಕುಡಿದು ಟೈಟ್ ಆಗಿದ್ದೀನಿ’ ಅಂತ. ಪ್ರೊಫೆಸರ್ ಮುಂದೆ ಜೋಪಾನ.)

(3/4)
ಈ ಪದಗಳನ್ನ ಯಾರು ಯಾರ ಬಗ್ಗೆ ಹೇಳ್ತಾರೆ ಅಂತ ಗಮನಿಸಿದ್ದೀರಾ? ನನ್ನ ಜಗಳ ಇರೋದೇ ಅಲ್ಲಿ.

‘ಐರೇಟ್ ಕಸ್ಟಮರ್’ ಅಂತ ಕೇಳಿರ್ತೀರಿ. ತನ್ನನ್ನ ತಾನೇ ‘ನಾನು ಐರೇಟ್’ ಅಂದ್ಕೊಳ್ಳೋರು ಅಪರೂಪ. ಅದು ಕೌಂಟರಿನ ಆ ಕಡೆ ಕೂತವರ ಪದ. ಟ್ಯಾಂಟ್ರಮ್ ಅಂದ್ರೆ ಮಕ್ಕಳು ರಚ್ಚೆ ಹಿಡಿಯೋದು. ದೊಡ್ಡವರ ಸಿಟ್ಟಿಗೆ ಅದನ್ನ ಅಂಟಿಸಿದ ತಕ್ಷಣ ಅವರು ಮಗು ಆಗಿಬಿಡ್ತಾರೆ, ಉತ್ತರ ಕೊಡೋ ಅಗತ್ಯವೇ ಇಲ್ಲ. ಹಿಸ್ಟೆರಿಕಲ್ ಅಂತೂ ಗ್ರೀಕರ ಗರ್ಭಕೋಶ ಅನ್ನೋ ಪದದಿಂದ ಹುಟ್ಟಿದ್ದು. ಹುಡುಗಿ ದನಿ ಎತ್ತಿದ್ರೆ ಇವತ್ತಿಗೂ ಅದನ್ನೇ ಹುಡುಕ್ತಾರೆ. ಹುಡುಗ ಎತ್ತಿದ್ರೆ ‘ಪ್ಯಾಶನೇಟ್’ ಅಂತೆ!

ಹಾಸ್ಟೆಲ್‌ನಲ್ಲಿ ಮೂರು ದಿನದಿಂದ ನೀರಿಲ್ಲ ಅಂದ್ಕೊಳ್ಳಿ. ಮೇಲಿನವರಿಗೆ ಸಿಟ್ಟು ಬಂದ್ರೆ ಅವರು ‘ಡಿಸಪಾಯಿಂಟೆಡ್’. ನಮಗೆ ಬಂದ್ರೆ ನಾವು ‘ಅಗ್ರೆಸಿವ್’. ಅಲ್ಲಿಂದ ಮುಂದೆ ಮಾತೆಲ್ಲ ನಮ್ಮ ನಡತೆ ಬಗ್ಗೆ, ನೀರಿನ ಸುದ್ದಿ ಯಾರೂ ಎತ್ತಲ್ಲ. ಅದಕ್ಕೇ ದೂರು ಬರೆಯುವಾಗ ‘ಫ್ಯೂರಿಯಸ್’ ಬೇಡ ಅಂತೀನಿ. ಅದು ನಿಮ್ಮ ಬಿಪಿ ಎಷ್ಟಿದೆ ಅಂತ ಹೇಳತ್ತೆ. ‘ಔಟ್‌ರೇಜ್ಡ್’ ಅಂದ್ರೆ ಅನ್ಯಾಯ ಆಗಿದೆ ಅನ್ನೋ ಆರೋಪ ಪದದ ಒಳಗೇ ಇದೆ. ಕೆಳಗೆ ದಿನಾಂಕ, ಎಷ್ಟು ಗಂಟೆ ನೀರಿಲ್ಲ, ಎಷ್ಟು ಸಲ ಹೇಳಿದ್ವಿ, ಅಷ್ಟು ಬರೀರಿ. ಆಮೇಲೆ ಯಾರು ಟ್ಯಾಂಟ್ರಮ್ ಅಂತಾರೋ ನೋಡೋಣ.

(4/4)
ನಾವೂ ಕಮ್ಮಿ ಇಲ್ಲ ಬಿಡಿ. ವೈಫೈ ಸ್ಲೋ ಆದ್ರೆ ‘ಟ್ರಿಗರ್ಡ್’. ನಿಜವಾಗಿ ಆಘಾತ ಅನುಭವಿಸಿದವರಿಗೆ ಬೇಕಿದ್ದ ಪದ ಅದು, ಬಳಸಿ ಬಳಸಿ ಸವೆಸಿಬಿಟ್ವಿ.

ಆಕ್ಸ್‌ಫರ್ಡ್‌ನವರು 2025ರ ವರ್ಷದ ಪದ ಅಂತ ಆರಿಸಿದ್ದು ‘ರೇಜ್ ಬೇಟ್’. ಬೇಟ್ ಅಂದ್ರೆ ಗಾಳಕ್ಕೆ ಸಿಕ್ಕಿಸೋ ಹುಳ. ಸಿಟ್ಟು ಬರಿಸೋಕಂತಲೇ ಹಾಕಿದ ಪೋಸ್ಟ್. ನಾವು ಕಾಮೆಂಟಲ್ಲಿ ಬೈದಷ್ಟೂ ಅವರ ರೀಚ್ ಜಾಸ್ತಿ. ನೀರು ಬರದಿದ್ದಾಗ ಒಂದು ಅರ್ಜಿ ಬರೆಯದ ನಾವು, ಗುರುತೇ ಇಲ್ಲದವರ ರೀಲ್ ಕೆಳಗೆ ರಾತ್ರಿ ಎರಡರವರೆಗೆ ‘ಲಿವಿಡ್’ ಆಗಿರ್ತೀವಿ.

ಸರಿ, ಈಗ ನಿಮ್ಮ ಸರದಿ. ಸೀದಿಂಗ್‌ಗೆ ನಿಮ್ಮೂರ ಕಡೆ ಏನಂತಾರೆ? ಕಾಮೆಂಟಲ್ಲಿ ಹಾಕಿ. ‘ಹೊಟ್ಟೆಉರಿ’ ಅಂತ ಮಾತ್ರ ಹಾಕ್ಬೇಡಿ, ಅದು ಅಸೂಯೆ. ಅದಕ್ಕೆ ಬೇರೆ ಸರಣಿನೇ ಬೇಕಾಗತ್ತೆ.