ಕೆರೆ ಎಲ್ಲ ಊರಲ್ಲೂ ಇದೆ, ದೋಣಿ ಭೋಪಾಲದಲ್ಲಿದೆ

ಪ್ರಾಚಿ ಯಾದವ್ ಯಾರು ಅಂತ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹತ್ತು ಜನರನ್ನು ಕೇಳಿದರೆ ಹತ್ತೂ ಜನ ಗೊತ್ತಿಲ್ಲ ಅಂದಾರು. ಕ್ರಿಕೆಟ್ ತಂಡದ ಹನ್ನೆರಡನೆಯ ಆಟಗಾರನ ಬಗ್ಗೆ ಕೇಳಿ, ಜಾತಕವನ್ನೇ ಬಿಚ್ಚುತ್ತಾರೆ. ಜನರ ತಪ್ಪೇನಿಲ್ಲ ಬಿಡಿ, ಹೇಳಿದವರು ಯಾರು?

ಗ್ವಾಲಿಯರ್‌ನ ಈ ಹೆಣ್ಣುಮಗಳಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ಗೆ ಹೋಗಿ ದೋಣಿ ಸ್ಪರ್ಧೆಯ ಫೈನಲ್ ತಲುಪಿದರು. ಈ ಆಟದಲ್ಲಿ ಅಲ್ಲಿಗೆ ಹೋದ ಮೊದಲ ಭಾರತೀಯರೇ ಇವರು. 2024ರಲ್ಲಿ ಪ್ಯಾರಿಸ್‌ನಲ್ಲೂ ಫೈನಲ್. ಎರಡು ಸಲವೂ ಎಂಟು ದೋಣಿಗಳಲ್ಲಿ ಎಂಟನೆಯದು. ನಡುವೆ 2023ರ ಹಾಂಗ್‌ಝೌ ಏಷ್ಯನ್ ಪ್ಯಾರಾ ಕೂಟದಲ್ಲಿ ಒಂದು ಚಿನ್ನ, ಒಂದು ಬೆಳ್ಳಿ. ಅದೇ ಕೂಟದಲ್ಲಿ ಪತಿ ಮನೀಷ್ ಕೌರವ್ ಅವರಿಗೆ ಕಂಚು. ಒಂದೇ ಮನೆಗೆ ಮೂರು ಪದಕ! 2023ರ ಸಾಲಿನ ಅರ್ಜುನ ಪ್ರಶಸ್ತಿಯೂ ಬಂತು. ಆಮೇಲೆ ಎಲ್ಲರೂ ತಣ್ಣಗಾದರು.

ಆಟ ಏನು ಅಂತ ಮೊದಲು ತಿಳಿಯೋಣ. 200 ಮೀಟರ್ ನೇರ ನೀರು, ಒಂದು ದೋಣಿಯಲ್ಲಿ ಒಬ್ಬರು. ಒಂದು ನಿಮಿಷ ಆಚೀಚೆಗೆ ಎಲ್ಲ ಮುಗಿದೇ ಹೋಗುತ್ತದೆ. ದೋಣಿ ಎರಡು ಬಗೆ. ಕಯಾಕ್‌ನಲ್ಲಿ ಎರಡೂ ತುದಿಗೆ ಅಲಗಿರುವ ಹುಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಇನ್ನೊಂದರ ಹೆಸರು ವಾಆ. ಶಾಂತ ಸಾಗರದ ದ್ವೀಪಗಳ ಕಡೆಯದು. ನಮ್ಮ ಕರಾವಳಿಯ ಕೆಲವು ಪಾತಿ ದೋಣಿಗಳಿಗೆ ಪಕ್ಕದಲ್ಲಿ ತೇಲುವ ಮರದ ತುಂಡು ಕಟ್ಟಿರುತ್ತಾರಲ್ಲ, ಅದೇ ಉಪಾಯ. ಇದಕ್ಕೆ ಒಂದೇ ಅಲಗಿನ ಹುಟ್ಟು, ಚುಕ್ಕಾಣಿ ಇಲ್ಲ. ನೇರ ಹೋಗಬೇಕಾದರೆ ತೋಳೇ ಗತಿ.

ಸ್ಪರ್ಧಿಗಳನ್ನು ಮೂರು ದರ್ಜೆ ಮಾಡುತ್ತಾರೆ. ತೋಳು, ಭುಜ ಮಾತ್ರ ಕೆಲಸ ಮಾಡುವವರು ಒಂದು. ಮುಂಡಕ್ಕೂ ಅಷ್ಟಿಷ್ಟು ಬಲ ಇರುವವರು ಎರಡು. ಮುಂಡ ಗಟ್ಟಿಯಿದ್ದು ಕಾಲಿಗೂ ಒಂದಿಷ್ಟು ಕಸುವು ಇರುವವರು ಮೂರು. ತಕ್ಕಡಿಗೆ ಹಾಕಿ ತೂಗುವಂತೆ ಮೈಯನ್ನು ತೂಗುವುದು ನೋಡಲು ಚೆಂದವಲ್ಲ. ಆದರೆ ಅದಿಲ್ಲದಿದ್ದರೆ ಆಟವೇ ಅನ್ಯಾಯ.

ಈ ತಕ್ಕಡಿಯಲ್ಲೇ ಒಂದು ಪೇಚಿದೆ. ಮಧ್ಯಪ್ರದೇಶದ ಭಿಂಡ್ ಅಂದರೆ ಚಂಬಲ್ ಡಕಾಯಿತರ ಕಥೆ ನೆನಪಾಗುವ ಜಿಲ್ಲೆ. ಅಲ್ಲಿನ ಪೂಜಾ ಓಝಾ ಊರಿನ ಗೌರಿ ಸರೋವರದಲ್ಲಿ ಹುಟ್ಟು ಹಾಕಿ ಕಲಿತು, 2022ರಲ್ಲಿ ಕೆನಡಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದರು. ಗೆದ್ದದ್ದು ವಾಆದ ಮೊದಲ ದರ್ಜೆಯಲ್ಲಿ. ಪ್ಯಾರಾಲಿಂಪಿಕ್ಸ್ ಪಟ್ಟಿ ನೋಡಿದರೆ ಆ ಸ್ಪರ್ಧೆಯೇ ಇಲ್ಲ! ಪ್ಯಾರಿಸ್‌ನಲ್ಲಿ ಒಟ್ಟು ಹತ್ತು ದೋಣಿ ಸ್ಪರ್ಧೆ ಇದ್ದವು. ವಾಆದಲ್ಲಿ ಎರಡನೇ, ಮೂರನೇ ದರ್ಜೆ ಮಾತ್ರ. ಎಲ್ಲರಿಗಿಂತ ಕಡಿಮೆ ಬಲ ಇರುವವರನ್ನೇ ಬಿಟ್ಟಂತಾಯ್ತು. ಪೂಜಾ ಕಯಾಕ್‌ಗೆ ಬದಲಾಯಿಸಿಕೊಂಡು ಪ್ಯಾರಿಸ್‌ಗೆ ಹೋಗಬೇಕಾಯಿತು.

ಆಸ್ಟ್ರೇಲಿಯಾದ ಕರ್ಟಿಸ್ ಮೆಕ್‌ಗ್ರಾಗೂ ಹೀಗೇ ಆಗಿತ್ತು. ಸೈನಿಕನಾಗಿ ಅಫ್ಘಾನಿಸ್ತಾನಕ್ಕೆ ಹೋಗಿ 2012ರಲ್ಲಿ ಬಾಂಬ್ ಸಿಡಿದು ಎರಡೂ ಕಾಲು ಕಳೆದುಕೊಂಡಾತ. ವಾಆದಲ್ಲಿ ಪಳಗಿದ್ದ. ಈ ಆಟ ಮೊದಲು ಪ್ಯಾರಾಲಿಂಪಿಕ್ಸ್‌ಗೆ ಬಂದ 2016ರ ರಿಯೊ ಕೂಟದಲ್ಲಿ ಕಯಾಕ್ ಮಾತ್ರ ಎಂದು ಗೊತ್ತಾಯಿತು. ಕಯಾಕ್ ಹಿಡಿದ, ಚಿನ್ನ ತಂದ. ದೋಣಿ ಬದಲಾಯಿಸು ಅಂದ ಕೂಡಲೇ ಬದಲಾಯಿಸಲು ಆತನ ಕೈಗೆ ಇನ್ನೊಂದು ಒಳ್ಳೆ ದೋಣಿ ಸಿಕ್ಕಿತು. ವ್ಯತ್ಯಾಸ ಇರುವುದೇ ಇಲ್ಲಿ.

ಪ್ರಾಚಿಯವರ ಲೆಕ್ಕವನ್ನೇ ನೋಡಿ. ಟೋಕಿಯೊದಲ್ಲಿ ಗೆದ್ದ ಬ್ರಿಟನ್ನಿನ ಎಮ್ಮಾ ವಿಗ್ಸ್ 57 ಸೆಕೆಂಡಿಗೆ ಗುರಿ ಮುಟ್ಟಿದರೆ, ಪ್ರಾಚಿಗೆ 1 ನಿಮಿಷ 7 ಸೆಕೆಂಡು. ಪ್ಯಾರಿಸ್‌ನಲ್ಲಿ ಗೆದ್ದದ್ದು ಮತ್ತೆ ಅದೇ ಎಮ್ಮಾ, ಅಂತರ ಮತ್ತೆ ಹೆಚ್ಚುಕಡಿಮೆ ಹತ್ತೇ ಸೆಕೆಂಡು. ಮೂರು ವರ್ಷ ಬೆವರು ಸುರಿಸಿದರೂ ಆ ಹತ್ತು ಸೆಕೆಂಡು ಕರಗಲಿಲ್ಲ. ತೋಳಿನಲ್ಲಿ ಕಸುವಿಲ್ಲವೆಂದು ಹೇಳುವಂತಿಲ್ಲ. ಮೊದಲು ಈಜುತ್ತಿದ್ದ ಅವರ ಉದ್ದ ತೋಳು ನೋಡಿಯೇ ಈಜಿನ ಕೋಚ್ ದೋಣಿಗೆ ಹೋಗಲು ಹೇಳಿದ್ದು. ಅವರು ದೋಣಿ ಹಿಡಿದದ್ದು 2018ರಲ್ಲಿ, ಮೂರನೇ ವರ್ಷಕ್ಕೆ ಟೋಕಿಯೊ ಫೈನಲ್. ಇಷ್ಟು ಬೇಗ ಅಲ್ಲಿಗೆ ಏರಿದ ತೋಳು ಆಮೇಲೆ ಯಾಕೆ ನಿಂತಲ್ಲೇ ನಿಂತಿತು?

ಈ ಆಟದಲ್ಲಿ ಅರ್ಧ ಗೆಲುವು ಸೀಟಿನಲ್ಲಿದೆ. ಕಾಲಿಗೆ ಬಲವಿದ್ದವನು ಕಾಲೊತ್ತಿ ಮೈ ತಿರುಗಿಸುತ್ತಾನೆ. ಇಲ್ಲದವನಿಗೆ ಆ ಆಸರೆಯನ್ನು ಸೀಟೇ ಕೊಡಬೇಕು. ದರ್ಜಿ ಅಳತೆ ತೆಗೆದಂತೆ ಒಬ್ಬೊಬ್ಬರ ಮೈಗೆ ಬೇರೆ ಬೇರೆ ಸೀಟು, ಬೆನ್ನಾಸರೆ, ಪಟ್ಟಿ. ಮಗುಚಿದರೆ ಪಟ್ಟಿ ತಕ್ಷಣ ಬಿಚ್ಚಿಕೊಳ್ಳಬೇಕು, ಇಲ್ಲವಾದರೆ ಪ್ರಾಣಕ್ಕೇ ಸಂಚಕಾರ. ನಿತ್ಯ ಕೂತು, ತಿದ್ದಿ, ಮತ್ತೆ ಕೂರಿಸುವ ಕುಶಲಿಗ ಜೊತೆಗಿರಬೇಕು. ವಿಮಾನದ ಟಿಕೆಟು, ಶಾಲು-ಹಾರಕ್ಕಷ್ಟೇ ದುಡ್ಡು ಬಿಚ್ಚಿದರೆ ಆ ಹತ್ತು ಸೆಕೆಂಡು ಕರಗುವುದಿಲ್ಲ.

ಹಾಗಿದ್ದೂ ಇವರೆಲ್ಲ ಮಧ್ಯಪ್ರದೇಶದಿಂದಲೇ ಯಾಕೆ ಬಂದರು? ಆ ರಾಜ್ಯ ಸರ್ಕಾರ ಭೋಪಾಲದಲ್ಲಿ ಜಲಕ್ರೀಡಾ ಅಕಾಡೆಮಿ ಇಟ್ಟಿದೆ. ಊರ ನಡುವಿನ ಛೋಟಾ ತಾಲಾಬ್‌ನಲ್ಲಿ ಅಭ್ಯಾಸ. ಅಲ್ಲಿ ದೋಣಿ, ಕೋಚ್, ನೀರಿಗಿಳಿಯಲು ಕಟ್ಟೆ ಎಲ್ಲ ಸಿಗುತ್ತದೆ. ಯಾವ ಸಮುದ್ರವೂ ಇಲ್ಲದ ರಾಜ್ಯ, ಗಮನಿಸಿ.

ನಮ್ಮ ಕಡೆ ನೀರಿಗೇನು ಬರ? ಕೆರೆ, ಜಲಾಶಯ, ಹಿನ್ನೀರು ಬೇಕಾದಷ್ಟಿವೆ. ಆದರೆ ಗಾಲಿಕುರ್ಚಿಯಲ್ಲಿ ಬಂದವರು ನೀರಿನ ತನಕ ಹೋಗುವುದು ಹೇಗೆ? ಕೆರೆ ಏರಿಗೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಪಾಚಿ. ಇಳಿಜಾರು ದಾರಿ, ದೋಣಿಯ ಮಟ್ಟಕ್ಕೇ ಇರುವ ಒಂದು ತೇಲುಕಟ್ಟೆ, ಇಷ್ಟಿದ್ದರೆ ಕುರ್ಚಿಯಿಂದ ಕಟ್ಟೆಗೆ, ಕಟ್ಟೆಯಿಂದ ದೋಣಿಗೆ ಕೈಯೂರಿ ಜಾರಿಕೊಳ್ಳಬಹುದು. ಕೆರೆ ಅಭಿವೃದ್ಧಿ ಅಂತ ಕಾರಂಜಿ, ಬಣ್ಣದ ದೀಪಕ್ಕೆ ಟೆಂಡರ್ ಕರೆಯುವವರಿಗೆ ಇದು ದೊಡ್ಡ ಖರ್ಚಿನ ಬಾಬತ್ತೇನಲ್ಲ.

ಕಾನೂನು ಇಲ್ಲ ಅನ್ನುವಂತೆಯೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಮು ನೇರವಾಗಿ ಕ್ರೀಡೆಯದ್ದೇ. ಅಂಗವಿಕಲರು ಆಡಲು ಆಗುವಂತೆ ಸೌಕರ್ಯ ಬದಲಾಯಿಸುವುದು ಸರ್ಕಾರದ ಕೆಲಸ ಎನ್ನುತ್ತದೆ ಅದು. ಮುಂದಿನ ಸಲ ನಿಮ್ಮ ವಾರ್ಡಿನ ಕೆರೆಗೆ ಶಂಕುಸ್ಥಾಪನೆಯಾದಾಗ ನಕ್ಷೆಯಲ್ಲಿ ಇಳಿಜಾರು ಎಲ್ಲಿದೆ ಅಂತ ಇಂಜಿನಿಯರ್ ಸಾಹೇಬರನ್ನು ಕೇಳಿ ನೋಡಿ.